ಅಡ್ಮಿನ್ ಯಾರ ಕಡೆಯವರು?

2005ರ ಆಸುಪಾಸಿನಲ್ಲಿ ಇಂಗ್ಲಿಷ್ ದಿನಪತ್ರಿಕೆ ತರಿಸುತ್ತಿದ್ದ ಮನೆಗಳಲ್ಲಿ ಐಐಪಿಎಂ ಹೆಸರು ಗೊತ್ತಿಲ್ಲದವರು ಕಡಿಮೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾನಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಆ ಖಾಸಗಿ ಸಂಸ್ಥೆಯ ಪುಟ ತುಂಬುವ ಜಾಹೀರಾತುಗಳು, ಐಐಎಂಗಳಾಚೆಗೂ ಯೋಚಿಸುವ ಧೈರ್ಯ ಮಾಡಿ ಎಂದು ಪದವಿ ಮುಗಿಸಿದ ಹುಡುಗ ಹುಡುಗಿಯರನ್ನು ಕರೆಯುತ್ತಿದ್ದವು. ಲಕ್ಷಗಟ್ಟಲೆ ಶುಲ್ಕ, ಜೊತೆಗೆ ಲ್ಯಾಪ್‌ಟಾಪ್ ಮತ್ತು ವಿದೇಶ ಪ್ರವಾಸದ ಆಕರ್ಷಣೆ. ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆಯಾಗಲಿ ಎಐಸಿಟಿಇ ಅನುಮತಿಯಾಗಲಿ ಇರಲಿಲ್ಲ ಎಂಬುದು ಮಾತ್ರ ಆ ಪುಟಗಳಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಇದನ್ನು ಹೇಳಹೋದವರು ಪಟ್ಟ ಪಾಡು ದಾಖಲೆಯಲ್ಲಿದೆ. 2005ರಲ್ಲಿ ಜ್ಯಾಮ್ ಎಂಬ ಯುವಜನರ ಪತ್ರಿಕೆ ಈ ಸಂಸ್ಥೆಯ ದೊಡ್ಡ ಮಾತುಗಳನ್ನು ಪರಿಶೀಲಿಸಿ ಬರೆದಾಗ, ಅದನ್ನು ತನ್ನ ಬ್ಲಾಗಿನಲ್ಲಿ ಪ್ರಸ್ತಾಪಿಸಿದ ಐಬಿಎಂ ಉದ್ಯೋಗಿಯೊಬ್ಬರಿಗೆ ಲೀಗಲ್ ನೋಟಿಸ್ ಹೋಯಿತು. ತನ್ನಿಂದ ಕಂಪನಿಗೆ ತೊಂದರೆಯಾಗಬಾರದೆಂದು ಅವರು ಕೆಲಸವನ್ನೇ ಬಿಟ್ಟರು. 2011ರಲ್ಲಿ ದೆಹಲಿಯ ಕ್ಯಾರವಾನ್ ಪತ್ರಿಕೆ ಸಂಸ್ಥೆಯ ಮುಖ್ಯಸ್ಥ ಅರಿಂದಮ್ ಚೌಧುರಿ ಕುರಿತು ದೀರ್ಘ ಲೇಖನ ಪ್ರಕಟಿಸಿದಾಗ 50 ಕೋಟಿ ರೂಪಾಯಿಯ ಮಾನನಷ್ಟ ದಾವೆ ಬಿತ್ತು. ದಾವೆ ಹೂಡಿದ್ದು ದೆಹಲಿಯಲ್ಲಲ್ಲ, ಅಸ್ಸಾಮಿನ ಸಿಲ್ಚಾರ್‌ನಲ್ಲಿ. 2013ರ ಫೆಬ್ರುವರಿಯಲ್ಲಿ ಗ್ವಾಲಿಯರ್ ನ್ಯಾಯಾಲಯವೊಂದರ ಆದೇಶದ ಮೇರೆಗೆ ಸಂಸ್ಥೆಯನ್ನು ಟೀಕಿಸುವ 70ಕ್ಕೂ ಹೆಚ್ಚು ಜಾಲಪುಟಗಳನ್ನು ಮುಚ್ಚಿಸಲಾಯಿತು. ಆ ಪಟ್ಟಿಯಲ್ಲಿ ಯುಜಿಸಿಯದೇ ಒಂದು ಪ್ರಕಟಣೆಯೂ ಸೇರಿತ್ತು.

ಇವೆಲ್ಲ ಬಯಲಲ್ಲಿ ನಡೆದ ಜಗಳಗಳು. ನೋಟಿಸ್ ಕಂಡವರಿಗೆ ನೋಟಿಸ್ ಬಂದಿದೆಯೆಂದು ಗೊತ್ತಾಗುತ್ತಿತ್ತು, ಪುಟ ತೆರೆದುಕೊಳ್ಳದಾಗ ಓದುಗರಿಗೆ ಅದನ್ನು ಮುಚ್ಚಿದ್ದಾರೆಂದು ತಿಳಿಯುತ್ತಿತ್ತು. ಅದೇ ವರ್ಷಗಳಲ್ಲಿ ಇನ್ನೊಂದು ಕಡೆ ಸದ್ದಿಲ್ಲದೆ ನಡೆಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ಕಾಲೇಜಿನ ಹೆಸರು ಹುಡುಕಿದ ವಿದ್ಯಾರ್ಥಿಗೆ ಮೊದಲ ಸಾಲಿನಲ್ಲೇ ಸಿಗುವ ಇಂಗ್ಲಿಷ್ ವಿಕಿಪೀಡಿಯ ಪುಟದಲ್ಲಿ ಸಂಸ್ಥೆಯ ಬಗೆಗಿನ ಟೀಕೆ ತೆಳುವಾಗುತ್ತಾ ಹೋಯಿತು, ಹೊಗಳಿಕೆ ಗಟ್ಟಿಯಾಗುತ್ತಾ ಬಂತು. ಆ ಕೆಲಸದಲ್ಲಿ ಮುಂದಿದ್ದ ಖಾತೆಯ ಹೆಸರು ವೈಫೈಒನ್. ಅದು ಯಾರೋ ದಾರಿಹೋಕರ ಖಾತೆಯಾಗಿರಲಿಲ್ಲ. ಪುಟಕ್ಕೆ ಬೀಗ ಹಾಕುವ, ಲೇಖನ ಅಳಿಸುವ, ಬೇರೆ ಸಂಪಾದಕರನ್ನು ಹೊರಗಿಡುವ ಅಧಿಕಾರವಿದ್ದ ಅಡ್ಮಿನ್ ಖಾತೆ.

ಅದರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವಿಕಿಪೀಡಿಯದ ಪ್ರತಿ ಪುಟಕ್ಕೂ ಒಂದು ಇತಿಹಾಸ ಇರುತ್ತದೆ. ಯಾರು, ಯಾವಾಗ, ಯಾವ ಸಾಲು ಸೇರಿಸಿದರು, ಯಾವುದನ್ನು ಕಿತ್ತರು, ಕಾರಣವೇನು ಕೊಟ್ಟರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಸಂಸ್ಥೆಯನ್ನು ಪ್ರಶ್ನಿಸುವ ವಾಕ್ಯವೊಂದು ಹೋಗುತ್ತಿತ್ತು. ಕಾರಣದ ಜಾಗದಲ್ಲಿ ಬೈಗುಳ ಇಲ್ಲ, ಸಿಟ್ಟಿಲ್ಲ. ಮೂಲ ನಂಬಲರ್ಹವಲ್ಲ, ಇಂಥ ನಿಯಮಕ್ಕೆ ಹೊಂದುವುದಿಲ್ಲ ಎಂಬಂಥ ಸಭ್ಯ ಮಾತು. ಒಂದೊಂದಾಗಿ ನೋಡಿದರೆ ಪ್ರತಿ ತಿದ್ದುಪಡಿಗೂ ಒಂದು ಸಮರ್ಥನೆ ಸಿಗುತ್ತಿತ್ತು. ನೂರಾರು ತಿದ್ದುಪಡಿಗಳನ್ನು ಸಾಲಾಗಿ ಹರಡಿಕೊಂಡು ಕೂತವರಿಗೆ ಮಾತ್ರ ಎಲ್ಲವೂ ಒಂದೇ ದಿಕ್ಕಿಗೆ ವಾಲಿರುವುದು ಕಂಡಿತು. ಹಾಗೆ ಕೂತು ಲೆಕ್ಕ ತೆಗೆದವರು ಸಂಬಳವಿಲ್ಲದ ಇತರ ಸಂಪಾದಕರು. ಅವರ ದೂರಿನ ಮೇಲೆ ವಿಕಿಪೀಡಿಯದ ಪಂಚಾಯಿತಿ ಸಮಿತಿ ವಿಚಾರಣೆ ನಡೆಸಿ, 2015ರ ಫೆಬ್ರುವರಿಯಲ್ಲಿ ಆ ಖಾತೆಯನ್ನು ಅನಿರ್ದಿಷ್ಟ ಕಾಲಕ್ಕೆ ನಿಷೇಧಿಸಿತು. ಖಾತೆಯ ಹಿಂದೆ ಯಾರಿದ್ದರು, ಅವರಿಗೂ ಸಂಸ್ಥೆಗೂ ಏನು ನಂಟು ಎಂಬುದು ಬಹಿರಂಗವಾಗಿ ಸಾಬೀತಾಗಲಿಲ್ಲ.

ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಈ ಸಂಸ್ಥೆ ತನ್ನ ಕೋರ್ಸುಗಳಿಗೆ ಎಂಬಿಎ, ಬಿಬಿಎ, ಬಿ ಸ್ಕೂಲ್ ಎಂಬ ಹೆಸರುಗಳನ್ನು ಬಳಸಕೂಡದೆಂದು ಆದೇಶಿಸಿತು. ಮರುವರ್ಷ ಅದು ದೆಹಲಿಯಾಚೆಯ ತನ್ನ ಕ್ಯಾಂಪಸ್‌ಗಳನ್ನು ಮುಚ್ಚುವುದಾಗಿ ಘೋಷಿಸಿತು. ಕರಿಯರ್ಸ್360 ಪತ್ರಿಕೆಯ ಮಹೇಶ್ವರ್ ಪೆರಿ, ವಿಕಿಪೀಡಿಯ ಇದನ್ನು ಇಷ್ಟು ಕಾಲ ನಡೆಯಗೊಟ್ಟು ಸುಮಾರು 15,000 ವಿದ್ಯಾರ್ಥಿಗಳ ಬದುಕು ಕೆಡಿಸಿತು ಎಂದು 2015ರಲ್ಲಿ ನ್ಯೂಸ್‌ವೀಕ್ ಪತ್ರಿಕೆಗೆ ಹೇಳಿದರು. ಪೆರಿ ಈ ಸಂಸ್ಥೆಯೊಡನೆ ಮೊಕದ್ದಮೆಗಳಲ್ಲಿ ಸೆಣಸಿದವರು. ಹಿತಾಸಕ್ತಿಯ ಮಾತಾಡುವಾಗ ಅದನ್ನೂ ಹೇಳಲೇಬೇಕು. ಸಂಖ್ಯೆಯನ್ನು ಅವರ ಅಂದಾಜೆಂದೇ ತೆಗೆದುಕೊಳ್ಳೋಣ. ಆದರೂ ಸಾಲ ಮಾಡಿ ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಯಾವ ಪುಟ ನೋಡಿ ಧೈರ್ಯ ತಂದುಕೊಂಡಿರಬಹುದು ಎಂದು ಯೋಚಿಸಿದರೆ, ಒಂದು ಸಾಲು ಕಿತ್ತುಹಾಕುವ ಅಧಿಕಾರ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಮಾಡರೇಟರ್, ಅಡ್ಮಿನ್ ಎಂದರೆ ಜಗಳ ಬಿಡಿಸುವವರು, ಅಶ್ಲೀಲ ಅಳಿಸುವವರು ಎಂಬ ಕಲ್ಪನೆ ಸಾಮಾನ್ಯ. ಅವರ ನಿಜವಾದ ಅಧಿಕಾರ ಬೇರೆ ಕಡೆ ಇದೆ. ಯಾವ ಮಾತು ವಿಷಯಕ್ಕೆ ಸಂಬಂಧಿಸಿದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಅವರು. ಆ ತೀರ್ಮಾನ ತಪ್ಪಿದರೆ ಓದುಗನಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಅಳಿಸಿದ್ದು ಅವನ ಕಣ್ಣಿಗೆ ಬೀಳುವುದಿಲ್ಲ. ಇಂಥ ಅಧಿಕಾರ ಹಿಡಿದವರು ನಿಷ್ಪಕ್ಷಪಾತಿಗಳಾಗಿರಬೇಕೆಂದು ಎಲ್ಲರೂ ಒಪ್ಪುತ್ತಾರೆ. ಅದನ್ನು ಅವರ ಸಜ್ಜನಿಕೆಗೆ ಬಿಟ್ಟು ಕೈಕಟ್ಟಿ ಕೂರುವುದೇ ತಪ್ಪು.

ಈ ತಪ್ಪಿಗೆ ಉತ್ತರ ನಮ್ಮದೇ ನ್ಯಾಯಶಾಸ್ತ್ರದಲ್ಲಿ 1969ರಿಂದ ಇದೆ. ಬರೆದವರು ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಎ.ಕೆ. ಕ್ರೈಪಾಕ್ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣ ಅದು. ಭಾರತೀಯ ಅರಣ್ಯ ಸೇವೆಗೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು. ಅವರೇ ಒಬ್ಬ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ, ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಕೊನೆಗೆ ಪಟ್ಟಿ ಹೊರಬಂದಾಗ ಅವರ ಹೆಸರೇ ಮೇಲಿತ್ತು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿತು.

ತೀರ್ಪಿನ ತಿರುಳು ಎರಡು ಮಾತುಗಳಲ್ಲಿದೆ. ಒಬ್ಬನ ಮನಸ್ಸಿನೊಳಗೆ ಪಕ್ಷಪಾತ ಇತ್ತೇ ಎಂದು ಸಾಬೀತು ಮಾಡುವುದು ಕಷ್ಟ, ಹಾಗೆ ಸಾಬೀತು ಮಾಡಬೇಕಾಗಿಯೂ ಇಲ್ಲ. ಪಕ್ಷಪಾತ ನಡೆದಿರುವ ಸಂಭವವಿದೆ ಎಂದು ನಂಬಲು ತಕ್ಕ ಕಾರಣ ಇದ್ದರೆ ಸಾಕು. ಇನ್ನೊಂದು ಮಾತು ಅಷ್ಟೇ ದೂರಗಾಮಿ. ಸಹಜ ನ್ಯಾಯದ ನಿಯಮಗಳು ನ್ಯಾಯಾಲಯದಂಥ ಸಂಸ್ಥೆಗಳಿಗೆ ಮಾತ್ರ, ಬರೀ ಆಡಳಿತ ನಡೆಸುವವರಿಗೆ ಅನ್ವಯಿಸುವುದಿಲ್ಲ ಎಂಬ ಹಳೆಯ ಗೋಡೆಯನ್ನು ಹೆಗ್ಡೆಯವರ ತೀರ್ಪು ಒಡೆಯಿತು. ಕಾನೂನಿನ ಪ್ರಕಾರ ಖಾಸಗಿ ಗುಂಪುಗಳಿಗೆ ಈ ತೀರ್ಪು ನೇರವಾಗಿ ಅನ್ವಯಿಸದು, ನಿಜ. ಆದರೆ ನಾವೇನು ಕೋರ್ಟೇ, ಗುಂಪು ನಡೆಸುವವರು ಅಷ್ಟೇ ಎಂದು ಇವತ್ತಿನ ಅಡ್ಮಿನ್‌ಗಳು ಕೊಡುವ ಸಮಜಾಯಿಷಿ, ಆ ಒಡೆದ ಗೋಡೆಯ ಹಿಂದೆ ಅಡಗಿದವರ ಮಾತೇ.

ತಾಂತ್ರಿಕ ವಿಷಯಗಳಲ್ಲಿ ಈ ಪಕ್ಷಪಾತದ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ದುಡ್ಡಿನ ನಂಟೇ ಬೇಕೆಂದಿಲ್ಲ, ಗಾಢ ನಂಬಿಕೆ ಸಾಕು. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದ ವಲಯದಲ್ಲಿ ನಡೆದ 2015ರ ಜಗಳ ಇದಕ್ಕೆ ಸಾಕ್ಷಿ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಸೇರ್ಪಡೆಯಾಗುವ ವ್ಯವಹಾರಗಳ ಬ್ಲಾಕ್‌ಗೆ ಆಗ ಒಂದು ಮೆಗಾಬೈಟ್ ಮಿತಿ ಇತ್ತು. ಹಿರಿಯ ತಂತ್ರಜ್ಞರಾದ ಮೈಕ್ ಹರ್ನ್ ಮತ್ತು ಗ್ಯಾವಿನ್ ಆಂಡ್ರೆಸನ್ ಅದನ್ನು ಎಂಟಕ್ಕೆ ಏರಿಸುವ ಬಿಟ್‌ಕಾಯಿನ್ ಎಕ್ಸ್‌ಟಿ ಎಂಬ ತಂತ್ರಾಂಶ ಹೊರತಂದರು. ಒಪ್ಪಬಹುದು, ಬಿಡಬಹುದು, ಚರ್ಚಿಸಲೇಬೇಕಾದ ವಿಷಯವಂತೂ ಹೌದು. ಆದರೆ ರೆಡ್ಡಿಟ್ ಚರ್ಚಾತಾಣದ ಬಿಟ್‌ಕಾಯಿನ್ ಗುಂಪಿನ ಹಿರಿಯ ಮಾಡರೇಟರ್ ಆ ತಂತ್ರಾಂಶವನ್ನು ಬೆಂಬಲಿಸುವ ಬರಹಗಳನ್ನೇ ಅಲ್ಲಿಂದ ಹೊರಗಿಟ್ಟರು. ಎಲ್ಲರ ಒಪ್ಪಿಗೆ ಇಲ್ಲದೆ ನಿಯಮ ಮುರಿಯುವ ತಂತ್ರಾಂಶ ಬಿಟ್‌ಕಾಯಿನ್ನೇ ಅಲ್ಲ, ಆದ್ದರಿಂದ ಅದು ಈ ಗುಂಪಿನ ವಿಷಯವಲ್ಲ ಎಂಬುದು ಅವರ ವಾದ. ಗುಂಪಿನ ಶೇ 90 ಮಂದಿಗೆ ಈ ನೀತಿ ಸಹಿಸಲಾಗದಿದ್ದರೆ ಆ ಶೇ 90 ಮಂದಿ ಬಿಟ್ಟುಹೋಗಲಿ ಎಂದೂ ಬರೆದರು. ಬಿಟ್‌ಕಾಯಿನ್‌ಟಾಕ್ ಎಂಬ ಇನ್ನೊಂದು ದೊಡ್ಡ ಚರ್ಚಾತಾಣದ ಹಿಡಿತವೂ ಅವರ ಕೈಯಲ್ಲೇ ಇತ್ತು.

ಅವರ ವಾದದಲ್ಲಿ ತರ್ಕವಿದೆ. ಕೆಟ್ಟ ಉದ್ದೇಶವಿತ್ತೆಂದು ಹೇಳಲು ಆಧಾರವಿಲ್ಲ. ಸಮಸ್ಯೆ ಇರುವುದು ಬೇರೆಡೆ. ಬ್ಲಾಕ್ ದೊಡ್ಡದಾಗಬೇಕೇ ಬೇಡವೇ ಎಂಬ ಚರ್ಚೆಯ ಉತ್ತರವನ್ನೇ ಅವರು ಚರ್ಚೆಯ ನಿಯಮವಾಗಿ ಬರೆದುಬಿಟ್ಟರು. ಒಂದು ಪಕ್ಷದ ವಾದಿಯೇ ತೀರ್ಪು ಕೊಡುವ ಕುರ್ಚಿಯಲ್ಲಿ ಕೂತಂತಾಯಿತು. ಬೇಸತ್ತವರು ರೆಡ್ಡಿಟ್‌ನಲ್ಲೇ ಬೇರೆ ಗುಂಪಿಗೆ ಹೋದರು. ಅಲ್ಲಿ ಮಾಡರೇಟರ್‌ಗಳ ಸಾಲಿನಲ್ಲಿ ದೊಡ್ಡ ಬ್ಲಾಕ್‌ನ ಪರ ನಿಂತ ಉದ್ಯಮಿ ರೋಜರ್ ವೆರ್ ಇದ್ದರು! ಹೀಗೆ ಎರಡೂ ಕಡೆ ಒಂದೇ ರೋಗ. ಆದರೆ ಎರಡನೆಯ ಗುಂಪು ಒಂದು ಒಳ್ಳೆಯ ಕೆಲಸ ಮಾಡಿತು. ಮಾಡರೇಟರ್‌ಗಳು ಏನೇನು ತೆಗೆದರು ಎಂಬ ದಾಖಲೆಯನ್ನು ಎಲ್ಲರೂ ನೋಡುವಂತೆ ತೆರೆದಿಟ್ಟಿತು. ವೈಫೈಒನ್ ಪ್ರಕರಣ ಹೊರಬಿದ್ದದ್ದೂ ಇಂಥ ತೆರೆದ ಇತಿಹಾಸದಿಂದಲೇ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್ ಕ್ಯಾಶ್ ಹೆಸರಿನಲ್ಲಿ ನಾಣ್ಯವೇ ಎರಡಾಗಿ ಒಡೆಯಿತು. ಮಾತಾಡಲು ಒಂದೇ ಜಗಲಿ ಉಳಿದಿದ್ದರೆ ಒಡಕು ತಪ್ಪುತ್ತಿತ್ತೇ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಜಗಲಿ ಮೊದಲು ಒಡೆದದ್ದಂತೂ ನಿಜ.

ಇಲ್ಲಿಯವರೆಗೆ ಬಂದದ್ದು ವ್ಯಕ್ತಿಗಳ ಮಾತು. ಜಾಗದ ಒಡೆಯರಾದ ಕಂಪನಿಗಳ ಹಿತಾಸಕ್ತಿ ಇದಕ್ಕಿಂತ ದೊಡ್ಡದು, ಅದರ ಬಗ್ಗೆ ಮಾತು ಕಡಿಮೆ. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಚೇರಿಯಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಎಂದರೆ ಗೊತ್ತು. ಕೋಡ್ ಕೈಕೊಟ್ಟಾಗ ಉತ್ತರ ಹುಡುಕುವ ತಾಣ ಅದು. 2008ರಿಂದ ಅಲ್ಲಿ ಪ್ರಶ್ನೆಗೆ ಉತ್ತರ ಬರೆದವರು, ಅದನ್ನು ಶುದ್ಧವಾಗಿಟ್ಟ ಚುನಾಯಿತ ಮಾಡರೇಟರ್‌ಗಳು, ಎಲ್ಲರೂ ದುಡ್ಡು ಪಡೆಯದೆ ದುಡಿದವರು. 2021ರಲ್ಲಿ ಪ್ರೋಸಸ್ ಎಂಬ ಕಂಪನಿ 180 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. ಚಾಟ್‌ಜಿಪಿಟಿ ಬಂದ ವಾರದೊಳಗೆ, 2022ರ ಡಿಸೆಂಬರ್‌ನಲ್ಲಿ, ತಾಣ ಅದರಿಂದ ಬರೆಸಿದ ಉತ್ತರಗಳನ್ನು ನಿಷೇಧಿಸಿತ್ತು. ನೋಡಲು ಸರಿಯಾಗಿ ಕಾಣುವ, ಒಳಗೆ ತಪ್ಪಿರುವ ಉತ್ತರಗಳು ರಾಶಿ ಬೀಳುತ್ತಿದ್ದವು. ಆದರೆ 2023ರ ಮೇ ಕೊನೆಯಲ್ಲಿ, ಎಐ ಬರಹವೆಂಬ ಅನುಮಾನದ ಮೇಲೆ ಉತ್ತರ ತೆಗೆಯುವುದನ್ನು ಬಹುಮಟ್ಟಿಗೆ ನಿಲ್ಲಿಸುವಂತೆ ಕಂಪನಿ ಮಾಡರೇಟರ್‌ಗಳಿಗೆ ಸೂಚಿಸಿತು. ಪತ್ತೆ ಮಾಡುವ ಸಾಧನಗಳು ತಪ್ಪಾಗಿ ಅಮಾಯಕರನ್ನು ಹಿಡಿಯುತ್ತಿವೆ ಎಂಬುದು ಅದು ಕೊಟ್ಟ ಕಾರಣ. ಜೂನ್ 5ರಿಂದ ನೂರಾರು ಮಾಡರೇಟರ್‌ಗಳು ಮತ್ತು ಸದಸ್ಯರು ಮುಷ್ಕರ ಹೂಡಿದರು. ಆಗಸ್ಟ್‌ನಲ್ಲಿ ಮಾತುಕತೆಯಿಂದ ಅದು ಮುಗಿಯಿತು.

ಕಂಪನಿ ಹೇಳಿದ ಕಾರಣ ಸುಳ್ಳೆಂದು ಹೇಳಲಾಗದು. ಆ ಸಾಧನಗಳು ನಿಜಕ್ಕೂ ದೋಷಪೂರಿತ. ಆದರೆ ಅದೇ ಬೇಸಿಗೆಯಲ್ಲಿ ಕಂಪನಿ ತನ್ನದೇ ಎಐ ಯೋಜನೆಯನ್ನು ಘೋಷಿಸಿತು, 2024ರ ಮೇನಲ್ಲಿ ಓಪನ್‌ಎಐ ಜೊತೆ ಒಪ್ಪಂದ ಪ್ರಕಟಿಸಿತು. ಅದನ್ನು ಪ್ರತಿಭಟಿಸಿ ತಮ್ಮದೇ ಹಳೆಯ ಉತ್ತರಗಳನ್ನು ಅಳಿಸಲು, ತಿದ್ದಲು ಹೊರಟ ಸದಸ್ಯರ ಖಾತೆಗಳು ಅಮಾನತಾದವು. ಕ್ರೈಪಾಕ್ ಅಳತೆಯಿಂದ ನೋಡಿದರೆ ಇಲ್ಲಿ ಕಂಪನಿಯ ಮನಸ್ಸನ್ನು ಬಗೆದು ನೋಡುವ ಅಗತ್ಯವಿಲ್ಲ. ಎಐ ಬರಹದ ಮೇಲಿನ ನಿಯಮ ಬರೆಯುವ ಕೈಗೂ ಎಐ ವ್ಯಾಪಾರ ಮಾಡುವ ಕೈಗೂ ನಡುವೆ ಗೋಡೆ ಇರಲಿಲ್ಲ ಎಂಬುದೊಂದೇ ಅನುಮಾನಕ್ಕೆ ಸಾಕು.

ಸರ್ಕಾರವೂ ಈ ಕುರ್ಚಿಗೆ ಆಸೆಪಟ್ಟದ್ದುಂಟು. 2023ರ ಏಪ್ರಿಲ್‌ನಲ್ಲಿ ಐಟಿ ನಿಯಮಗಳಿಗೆ ತಂದ ತಿದ್ದುಪಡಿ, ಕೇಂದ್ರ ಸರ್ಕಾರದ ವ್ಯವಹಾರ ಕುರಿತ ಯಾವ ಮಾತು ಸುಳ್ಳು ಎಂದು ಗುರುತಿಸುವ ಅಧಿಕಾರವನ್ನು ಕೇಂದ್ರ ಸರ್ಕಾರದ್ದೇ ಸತ್ಯಶೋಧನಾ ಘಟಕಕ್ಕೆ ಕೊಟ್ಟಿತು. ಬಾಂಬೆ ಹೈಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂದು, 2024ರ ಸೆಪ್ಟೆಂಬರ್‌ನಲ್ಲಿ ಮೂರನೆಯ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಆ ನಿಯಮ ಅಸಾಂವಿಧಾನಿಕ ಎಂದರು. ತನ್ನ ಮೇಲಿನ ಟೀಕೆಯ ಸತ್ಯಾಸತ್ಯವನ್ನು ತಾನೇ ತೀರ್ಮಾನಿಸುವ ಹಕ್ಕು ಯಾರಿಗೂ ಇರಬಾರದು, ಸರ್ಕಾರಕ್ಕಂತೂ ಇರಲೇಬಾರದು.

ಇದೆಲ್ಲ ದೂರದ ಮಾತೆಂದು ಮಲೆನಾಡಿನ ಅಡಿಕೆ ಬೆಳೆಗಾರ ಪಕ್ಕಕ್ಕಿಡಬೇಕಿಲ್ಲ. ಅವನ ತಾಂತ್ರಿಕ ಚರ್ಚೆ ನಡೆಯುವುದು ವಾಟ್ಸ್ಯಾಪ್ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ. ಎಲೆಚುಕ್ಕಿ ರೋಗ ತೋಟಕ್ಕೆ ತೋಟವನ್ನೇ ಸುಡುತ್ತಿರುವಾಗ ಸೋಗೆಯ ಫೋಟೊ ತೆಗೆದು ಹಾಕಿ, ಇದಕ್ಕೆ ಏನು ಹೊಡೆಯಬೇಕು ಎಂದು ಒಬ್ಬ ಕೇಳುತ್ತಾನೆ. ಅಡ್ಮಿನ್ ಗೊಬ್ಬರ ಮತ್ತು ಔಷಧದ ಅಂಗಡಿ ಇಟ್ಟವರೆಂದುಕೊಳ್ಳಿ. ಅವರು ಸೂಚಿಸುವ ಶಿಲೀಂಧ್ರನಾಶಕ ಸರಿಯಾದದ್ದೇ ಇರಬಹುದು. ಆದರೆ ಅದನ್ನು ಎರಡು ಸಲ ಹೊಡೆದರೂ ಗುಣ ಕಾಣಲಿಲ್ಲ ಎಂದು ಇನ್ನೊಬ್ಬ ರೈತ ಬರೆದ ಮಾತು ಸಂಜೆಯೊಳಗೆ ಮಾಯವಾದರೆ, ಉಳಿದ ಸದಸ್ಯರಿಗೆ ಸಿಗುವುದು ಅರ್ಧ ಸತ್ಯ. ಆ ಅರ್ಧ ಸತ್ಯದ ಮೇಲೆ ಔಷಧ ಕೊಳ್ಳುವ ದುಡ್ಡು, ಹೊಡೆಯುವವರ ಕೂಲಿ, ಒಂದು ಮಳೆಗಾಲ ಎಲ್ಲ ಖರ್ಚಾಗುತ್ತದೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಸರಿಯಾದ ತೀರ್ಪುಗಳೇ. ಆದರೆ ಅಡ್ಮಿನ್ ತೆಗೆದುಹಾಕಿದ ಮಾತಿಗೆ ಲೆಕ್ಕ ಕೇಳುವವರು ಯಾರೂ ಇಲ್ಲ.

ಹಾಗೆಂದು ಅಂಗಡಿಯವರನ್ನು ಹೊರಹಾಕಿದರೆ ಗುಂಪು ಬಡವಾಗುತ್ತದೆ. ಔಷಧದ ಪ್ರಮಾಣ, ಯಾವುದರ ಜೊತೆ ಯಾವುದನ್ನು ಬೆರೆಸಬಾರದು ಎಂಬುದೆಲ್ಲ ಅವರಿಗೇ ಹೆಚ್ಚು ಗೊತ್ತು. ವಿಷಯ ಬಲ್ಲವರಿಗೆ ಆ ವಿಷಯದಲ್ಲಿ ಹಿತಾಸಕ್ತಿ ಇರುವುದು ಸಹಜ. ಅದನ್ನು ಹೇಳಿಕೊಳ್ಳದಿರುವುದು, ಹೇಳಿಕೊಂಡ ಮೇಲೂ ಅಳಿಸುವ ಗುಂಡಿಯ ಮೇಲೆ ಕೈಯಿಟ್ಟು ಕೂರುವುದು ತಪ್ಪು. ದುಡ್ಡು ಪಡೆದು ಬರೆಯುವವರು ಅದನ್ನು ಘೋಷಿಸಲೇಬೇಕೆಂಬ ಷರತ್ತನ್ನು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2014ರ ಜೂನ್‌ನಲ್ಲಿ ತಂದಿತು. ಮಾಡರೇಟರ್‌ಗಳು ಬೇರೆಯವರಿಂದ ಪ್ರತಿಫಲ ಪಡೆದು ಕ್ರಮ ಕೈಗೊಳ್ಳಬಾರದೆಂಬ ನಿಯಮವನ್ನು ರೆಡ್ಡಿಟ್ ಕೂಡ ಜಾರಿಗೊಳಿಸಿದೆ. ಎರಡೂ ಒಳ್ಳೆಯ ಹೆಜ್ಜೆಗಳು. ರೆಡ್ಡಿಟ್ ನಿಯಮದಲ್ಲಿ ಒಂದು ಕಿಂಡಿ ಉಳಿದಿದೆ. ಬೇರೆಯವರ ಲಂಚವನ್ನು ಅದು ತಡೆಯುತ್ತದೆ, ಮಾಡರೇಟರ್‌ನ ಸ್ವಂತ ಅಂಗಡಿಯ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ಅಡಿಕೆ ಗುಂಪಿನ ಅಡ್ಮಿನ್ ಯಾರಿಂದಲೂ ಬಿಡಿಗಾಸು ಪಡೆಯದೆ ಆ ಕಿಂಡಿಯಲ್ಲಿ ಆರಾಮಾಗಿ ಹಾಯಬಹುದು.

ಕನ್ನಡದಂಥ ಭಾಷೆಗಳಲ್ಲಿ ಇನ್ನೊಂದು ತೊಡಕಿದೆ, ಅದು ಇಂಗ್ಲಿಷ್ ತಾಣಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ. ಹಿತಾಸಕ್ತಿ ಇರುವ ಅಡ್ಮಿನ್‌ಗೆ ಹಿಂದೆ ಸರಿ ಎಂದರೆ ಕುರ್ಚಿಯಲ್ಲಿ ಕೂರಲು ಮತ್ತೊಬ್ಬರು ಬೇಕಲ್ಲ? ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯವನ್ನು ಒಂದೇ ಸಿದ್ಧಾಂತದ ಕೆಲವೇ ಅಡ್ಮಿನ್‌ಗಳು ಸುಮಾರು ಹತ್ತು ವರ್ಷ ಹಿಡಿದಿಟ್ಟುಕೊಂಡು ಇತಿಹಾಸದ ಪುಟಗಳನ್ನು ತಿರುಚಿದ್ದರೆಂದು ವಿಕಿಮೀಡಿಯದ 2021ರ ವರದಿ ದಾಖಲಿಸಿದೆ. ಪ್ರಶ್ನಿಸಿದವರನ್ನು ಹೊರಹಾಕಿದ ಮೇಲೆ ಪ್ರಶ್ನಿಸಲು ಯಾರೂ ಉಳಿದಿರಲಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲೂ, ಕನ್ನಡದ ಕೃಷಿ ಮತ್ತು ತಂತ್ರಜ್ಞಾನ ಗುಂಪುಗಳಲ್ಲೂ ನಿತ್ಯ ಕೆಲಸ ಮಾಡುವ ಕೈಗಳು ಬೆರಳೆಣಿಕೆಯವು. ಒಬ್ಬರೇ ಬರೆದು, ತಿದ್ದಿ, ಜಗಳವನ್ನೂ ಬಿಡಿಸಬೇಕಾದ ಸ್ಥಿತಿ. ಅವರ ಶ್ರಮಕ್ಕೆ ಕೃತಜ್ಞತೆ ಸಲ್ಲಲೇಬೇಕು, ಆದರೆ ಕೃತಜ್ಞತೆಯ ಹೆಸರಿನಲ್ಲಿ ಪ್ರಶ್ನೆ ಕೇಳದಿರುವ ಅಭ್ಯಾಸ ಬೆಳೆಯಬಾರದು.

ಇದಕ್ಕೆ ಇರುವ ದಾರಿ ಹೊರಗಿನವರನ್ನು ಕರೆದು ಕೂರಿಸಿಕೊಳ್ಳುವುದು. ಅಡಿಕೆ ಗುಂಪಿಗೆ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐನ ವಿಟ್ಲ ಕೇಂದ್ರದ ಇಲ್ಲವೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ಎರಡನೆಯ ಅಡ್ಮಿನ್ ಆಗಬಹುದು. ಔಷಧದ ಹೆಸರಿರುವ ಯಾವ ಸಂದೇಶವನ್ನೂ ಅಂಗಡಿಯ ಅಡ್ಮಿನ್ ಅಳಿಸುವಂತಿಲ್ಲ, ಅದು ಎರಡನೆಯವರ ಕೆಲಸ ಎಂದು ಗುಂಪಿನ ವಿವರಣೆಯಲ್ಲೇ ಬರೆದಿಡಬಹುದು. ಅದೇ ಜಾಗದಲ್ಲಿ ಪ್ರತಿ ಅಡ್ಮಿನ್ ತಮ್ಮ ಅಂಗಡಿ, ಏಜೆನ್ಸಿ, ನೌಕರಿ ಯಾವುದೆಂದು ಒಂದು ಸಾಲು ಹಾಕಬಹುದು. ತೆಗೆದ ಸಂದೇಶ ಯಾವುದು, ತೆಗೆದವರು ಯಾರು, ಏಕೆ ಎಂದು ತಿಂಗಳಿಗೊಮ್ಮೆ ಸದಸ್ಯರ ಮುಂದಿಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಯಾವ ಕಂಪನಿಯ ಅಪ್ಪಣೆಯೂ ಬೇಡ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಬಹುದು.